ಒಂದನೇ ಕ್ಲಾಸಿನ ಮಗನಿಗೆ ಶಾಲೆ ಅಂದರೆ ಹೊಟ್ಟೆನೋವು. ಟೀಚರ್ ಹತ್ತಿರ ಏನಂತ ಕೇಳಲಿ?

ನಿಟ್ಟುವಳ್ಳಿ ಅಮ್ಮ, ದಾವಣಗೆರೆ:
ಮಗ ಈ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿದ. ಭಾನುವಾರ ಚೆನ್ನಾಗೇ ಇರುತ್ತಾನೆ. ಸೋಮವಾರ ಯೂನಿಫಾರ್ಮ್ ಹಾಕಿದರೆ ಸಾಕು, ಹೊಟ್ಟೆನೋವು. ಡಾಕ್ಟರ್ ನೋಡಿ ಏನೂ ಇಲ್ಲ ಅಂದರು. ಶರ್ಟಿನ ಕಾಲರ್ ಕಚ್ಚಿ ಕಚ್ಚಿ ಒಂದು ಕಡೆ ನೂಲು ಎದ್ದಿದೆ.

ಪುಸಲಾಯಿಸಿ ಕೇಳಿದಾಗ ಬಾಯಿ ಬಿಟ್ಟ. ತಪ್ಪು ಬರೆದವರನ್ನು ಬೋರ್ಡ್ ಹತ್ತಿರ ನಿಲ್ಲಿಸಿ, ಉಳಿದವರ ಕೈಲಿ ‘ಶೇಮ್ ಶೇಮ್’ ಅನ್ನಿಸುತ್ತಾರಂತೆ. ಅಡ್ಮಿಷನ್ ಮಾಡಿಸುವಾಗ ಇದೇ ಶಾಲೆಯವರು ವಾರಕ್ಕೊಂದು ವೆಲ್‌ನೆಸ್ ಪೀರಿಯಡ್ ಇದೆ ಅಂದಿದ್ದರು. ಇದೆ, ಸುಳ್ಳಲ್ಲ. ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುತ್ತಾರೆ, ನಗುವ ಮುಖಕ್ಕೆ ಬಣ್ಣ ತುಂಬುತ್ತಾರೆ. ಇಷ್ಟು ಚಿಕ್ಕವರ ಮನಸ್ಸು ಗಟ್ಟಿಯಾಗೋಕೆ ಶಾಲೆ ನಿಜವಾಗಿ ಏನು ಮಾಡಬೇಕು?

ಎಂಸಿಸಿ ಬಿ ಬ್ಲಾಕ್:
ನಾವೆಲ್ಲ ಬೆತ್ತದ ಏಟು ತಿಂದೇ ಬೆಳೆದವರಲ್ವಾ? ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ತಿಂಗಳಲ್ಲಿ ತಾನೇ ಸರಿಹೋಗುತ್ತಾನೆ.

ನಿವೃತ್ತ ಮೇಷ್ಟ್ರು, ಹಿರಿಯೂರು:
ಮೇಲಿನವರು ಬೇಜಾರು ಮಾಡಿಕೊಳ್ಳಬೇಡಿ. ಏಟು ತಿಂದೂ ಓದಿದವರು ಇಲ್ಲಿ ಬರೆಯುತ್ತಿದ್ದೇವೆ. ಏಟಿಗೆ ಹೆದರಿ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಕುರಿ ಹಿಂದೆ ಹೋದವರು ಇಲ್ಲಿ ಬರೆಯೋಕೆ ಬರಲ್ಲ.

ನೋಡಮ್ಮ, ನಾನು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ, ಅಂದರೆ ಚಿಕ್ಕ ಮಕ್ಕಳಿಗೆ ಆಟ-ಚಟುವಟಿಕೆಯಲ್ಲೇ ಕಲಿಸುವ ಪದ್ಧತಿ, ನಡೆಸಿದವನು. 1995ರಲ್ಲಿ ಎಚ್.ಡಿ. ಕೋಟೆ ಕಡೆ ಸಣ್ಣದಾಗಿ ಶುರುವಾಗಿದ್ದು, 2009ರ ಹೊತ್ತಿಗೆ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದನ್ನು ಮನಸ್ಸಿನ ಆರೋಗ್ಯ ಅಂತ ಯಾರೂ ಕರೆಯಲಿಲ್ಲ. ಆದರೆ ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಗುಂಪಾಗಿ ಕೂರುತ್ತಿದ್ದರು. ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ಅದರದೇ ಮೆಟ್ಟಿಲು. ಜ್ವರ ಬಂದು ವಾರ ರಜೆ ಹಾಕಿದರೂ ಬಿಟ್ಟ ಮೆಟ್ಟಿಲಿಂದಲೇ ಮುಂದಕ್ಕೆ. ಎಲ್ಲರೂ ಒಂದೇ ಲೆಕ್ಕ ಮಾಡುತ್ತಿಲ್ಲ ಅಂದಮೇಲೆ ಒಬ್ಬನನ್ನು ನಿಲ್ಲಿಸಿ ನಗುವುದೆಲ್ಲಿ ಬಂತು? ಗೋಡೆಯ ಕೆಳಭಾಗದಲ್ಲಿ, ಅವರ ಕೈಗೆಟಕುವ ಹಾಗೆ ಕಪ್ಪು ಹಲಗೆ. ತಪ್ಪಾದರೆ ಅಂಗೈಯಲ್ಲೇ ಒರೆಸಿ ಮತ್ತೆ ಬರೆಯುತ್ತಿದ್ದರು. ಎಲ್ಲ ಕಡೆ ಚೆನ್ನಾಗಿ ನಡೆಯಿತು ಅಂತ ಹೇಳಲ್ಲ. ಒಬ್ಬರೇ ಮೇಷ್ಟ್ರಿದ್ದ ಕಡೆ ಕಷ್ಟವೇ.

ಅಪ್ಪ ತೀರಿಕೊಂಡ ಮೇಲೆ ಒಬ್ಬಳು ಹುಡುಗಿ ಮಾತೇ ನಿಲ್ಲಿಸಿದ್ದಳು. ಹವಾಮಾನ ಚಾರ್ಟ್ ತುಂಬುವ ಕೆಲಸ ಅವಳಿಗೆ ವಹಿಸಿದೆ, ಬೇರೇನೂ ಕೇಳಲಿಲ್ಲ. ಒಂದು ದಿನ ಅವಳು ಮೋಡ ಅಂತ ಗುರುತು ಹಾಕಿದ್ದಕ್ಕೆ ಪಕ್ಕದ ಹುಡುಗ, ಇಲ್ಲ ಬಿಸಿಲು ಅಂತ ತಕರಾರು ತೆಗೆದ. ಅವನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋಗಿ, ಆಕಾಶ ತೋರಿಸಿ, ಊರಿಗೆಲ್ಲ ಕೇಳುವ ಹಾಗೆ ಜಗಳ ಆಡಿದಳು. ನಾನು ಬಿಡಿಸೋಕೆ ಹೋಗಲಿಲ್ಲ.

ವೆಲ್‌ನೆಸ್ ಪೀರಿಯಡ್ ಇರಲಿ ಬಿಡಿ. ನೀವು ಗಣಿತದ ಪೀರಿಯಡ್ ಬಗ್ಗೆ ಕೇಳಿ. ಮಗು ತಪ್ಪು ಮಾಡಿದಾಗ, ಅತ್ತಾಗ, ಚಡ್ಡಿ ಒದ್ದೆ ಮಾಡಿಕೊಂಡಾಗ ಟೀಚರ್ ಮೊದಲು ಏನು ಮಾಡುತ್ತಾರೆ ಅಂತ ಕೇಳಿ.

ಕೋಟೆ ರಸ್ತೆ, ಚಿತ್ರದುರ್ಗ:
ಮೇಷ್ಟ್ರ ಮಾತಿಗೆ ಒಂದೆರಡು ಸೇರಿಸುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ಶೇಮ್ ಶೇಮ್’ ಅನ್ನಿಸುವುದು ಮತ್ತಿನ್ನೇನು? ಕೇಂದ್ರದವರು 2020ರಲ್ಲಿ ತಂದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಮನಸ್ಸಿನ ವಿಷಯಕ್ಕೂ ಪಾಠ ಇದೆ, ಶಾಲೆಗೆ ಇಬ್ಬರು ಟೀಚರ್‌ಗಳಿಗೆ ತರಬೇತಿಯೂ ಇದೆ. ಆದರೆ ಅದು ಶುರುವಾಗಿದ್ದೇ ದೊಡ್ಡ ಮಕ್ಕಳಿಗಾಗಿ. ಚಿಕ್ಕವರಿಗೆ ಕ್ಲಾಸ್ ಟೀಚರೇ ಗತಿ.

ಹೊಟ್ಟೆನೋವು ನಿಲ್ಲದಿದ್ದರೆ, ನಿದ್ದೆ ಊಟ ಕೆಟ್ಟರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಟ್ಟುವಳ್ಳಿ ಅಮ್ಮ:
ಶನಿವಾರ ಪೇರೆಂಟ್ಸ್ ಮೀಟಿಂಗ್ ಇದೆ. ಮೇಷ್ಟ್ರೇ, ನಾನು ಬಾಯಿ ಬಿಟ್ಟರೆ ಮಗನ ಮೇಲೆ ಅವರ ಕಣ್ಣು ಬೀಳಲ್ವಾ?

ನಿವೃತ್ತ ಮೇಷ್ಟ್ರು, ಹಿರಿಯೂರು:
ಬೀಳಬಹುದು. ಅದಕ್ಕೇ ಒಬ್ಬರೇ ಹೋಗಬೇಡಿ. ಅದೇ ಕ್ಲಾಸಿನ ಇನ್ನಿಬ್ಬರು ಅಮ್ಮಂದಿರನ್ನು ಕರೆದುಕೊಳ್ಳಿ, ಅವರ ಮಕ್ಕಳೂ ಬೋರ್ಡ್ ಹತ್ತಿರ ನಿಂತಿರುತ್ತಾರೆ. ಮೀಟಿಂಗ್ ಗದ್ದಲದಲ್ಲಿ ಬೇಡ, ಮುಗಿದ ಮೇಲೆ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ಮಗನ ಕಾಲರ್ ತೋರಿಸಿ. ಬಗ್ಗದಿದ್ದರೆ ಹೆಡ್‌ಮಿಸ್ ಹತ್ತಿರ ಹೋಗಿ, ಆಗ 17ನೇ ಸೆಕ್ಷನ್ ತೆಗೆಯಿರಿ.