ದಂತಾರೋಗ್ಯ ಸಂಶೋಧನೆಯಲ್ಲಿ ಮಿಶ್ರ ವಿಧಾನ: ಕಲಿಸಿದವರ ಅನುಭವ

ಕೋರಿಕೆ: ಸಾರ್ವಜನಿಕ ದಂತಾರೋಗ್ಯ ವಿಭಾಗದ ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ) ವಿದ್ಯಾರ್ಥಿಗಳಿಗೆ ಸಮೀಕ್ಷೆ, ಸಂದರ್ಶನ ಎರಡನ್ನೂ ಒಂದೇ ಅಧ್ಯಯನದಲ್ಲಿ ಬಳಸಲು ಕಲಿಸಬೇಕಾಗಿದೆ. ಅವರಿಗೆ ಹಲ್ಲು ಎಣಿಸಲು ಬರುತ್ತದೆ, ಜನರನ್ನು ಮಾತನಾಡಿಸಲು ಬರುವುದಿಲ್ಲ. ಕಲಿಸಿ ಅನುಭವವಿರುವವರು ಎಲ್ಲಿಂದ ಆರಂಭಿಸಿದಿರೆಂದು ದಯವಿಟ್ಟು ತಿಳಿಸಿ.

ಉತ್ತರ 1: ಮೇಡಂ, ವಿಧಾನಗಳ ವರ್ಗೀಕರಣದಿಂದ ಆರಂಭಿಸಬೇಡಿ, ಸಮೀಕ್ಷೆಯೊಂದರಿಂದಲೇ ಉತ್ತರ ಸಿಗದ ಪ್ರಶ್ನೆಯೊಂದನ್ನು ಕೈಗಿಡಿ. ನಾವು ಪಾವಗಡ ಕಡೆಯ ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲಿನ ಮೇಲೆ ಕಲೆ ಬೀಳುವ ತೊಂದರೆಯನ್ನು ಆರಿಸಿಕೊಂಡೆವು. ವಿದ್ಯಾರ್ಥಿಗಳು 12 ವರ್ಷದ ಮಕ್ಕಳ ಹಲ್ಲುಗಳಿಗೆ ಡೀನ್ ಸೂಚ್ಯಂಕದಂತೆ (ಫ್ಲೋರೋಸಿಸ್ ತೀವ್ರತೆಯ ಅಳತೆ) ಅಂಕ ಕೊಟ್ಟು, ಮನೆಯಲ್ಲಿ ಯಾವ ನೀರು ಕುಡಿಯುತ್ತೀರೆಂದು ಪ್ರಶ್ನಾವಳಿಯಲ್ಲಿ ಕೇಳಿದರು. ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವ ಮನೆಯ ಮಕ್ಕಳ ಬಾಚಿಹಲ್ಲುಗಳಲ್ಲೂ ಕಂದು ಕಲೆಗಳಿದ್ದವು. ಕಾಯಂ ಹಲ್ಲಿನ ಎನಾಮಲ್ (ಹೊರಗಿನ ಗಟ್ಟಿ ಪದರ) ರೂಪುಗೊಳ್ಳುವುದು ಎಳವೆಯಲ್ಲಿ, ದವಡೆಯೊಳಗೆ. ಆದ್ದರಿಂದ ಇಂದಿನ ನೀರಿನ ಲೆಕ್ಕ ಇಂದಿನ ಕಲೆಯನ್ನು ವಿವರಿಸಲಾರದು. ಹೆಚ್ಚು ಅಂಕ ಬಂದ ಮಕ್ಕಳ ತಾಯಂದಿರನ್ನು ಮಾತನಾಡಿಸಿದಾಗಲೇ, ಮಗು ಅಜ್ಜಿಯ ಊರಿನಲ್ಲಿ ಬೋರ್‌ವೆಲ್ ನೀರು ಕುಡಿದು ಬೆಳೆದದ್ದು, ಘಟಕ ಬಂದದ್ದು ಆಮೇಲೆ ಎಂಬುದೆಲ್ಲ ಹೊರಬಂತು. ಯಾರನ್ನು ಸಂದರ್ಶಿಸಬೇಕೆಂದು ಅಂಕಿಗಳೇ ತೋರಿಸಿದ್ದರಿಂದ, ಮೊದಲು ಸಮೀಕ್ಷೆ ಆಮೇಲೆ ಸಂದರ್ಶನ ಎಂಬ ಕ್ರಮ ಅವರಿಗೆ ತಾನಾಗಿಯೇ ಅರ್ಥವಾಯಿತು.

ಕಷ್ಟವಿರುವುದು ಸಂದರ್ಶನದಲ್ಲಿ. ತಾಯಿಯೊಬ್ಬರು "ಪೇಸ್ಟ್ ಇಲ್ಲದ ದಿನ ಬೂದೀಲಿ ಉಜ್ತಾರೆ" ಎಂದೊಡನೆ ನಮ್ಮ ವಿದ್ಯಾರ್ಥಿ ಬ್ರಷ್ ಹಿಡಿಯುವ ಪಾಠ ಶುರುಮಾಡುತ್ತಾನೆ. ಆಮೇಲೆ ಆಕೆ ಹೂಂಗುಟ್ಟುತ್ತಾರಷ್ಟೆ. (ದಂತವೈದ್ಯರಾದ ನಮಗೆ ಬಾಯಿ ತೆರೆಸಿ ಅಭ್ಯಾಸ, ಕಿವಿ ತೆರೆದು ಅಲ್ಲ.) ಹಾಗಾಗಿ ಏಪ್ರನ್ ಕಳಚಿಸಿ, ಹಲ್ಲು ಪರೀಕ್ಷಿಸಿದವರ ಬದಲು ಬೇರೆಯವರನ್ನು ಸಂದರ್ಶನಕ್ಕೆ ಕಳುಹಿಸಿ, ಸಲಹೆ ಏನಿದ್ದರೂ ರೆಕಾರ್ಡರ್ ನಿಲ್ಲಿಸಿದ ಮೇಲೆ.

ಕೊನೆಯಲ್ಲಿ ಒಂದೇ ಹಾಳೆಯ ಎಡಕ್ಕೆ ಮಗುವಿನ ಅಂಕ, ಬಲಕ್ಕೆ ತಾಯಿಯ ಮಾತು ಬರೆಸಿ. ಎರಡೂ ಹೊಂದದ ಸಾಲುಗಳನ್ನು ಕೈಬಿಡಲು ಒಪ್ಪಬೇಡಿ. ಚರ್ಚೆಗೆ ಬೇಕಾದದ್ದು ಅವೇ. ಇದನ್ನು ಮಾಡಿಸದಿದ್ದರೆ ಒಂದೇ ರಟ್ಟಿನೊಳಗೆ ಎರಡು ಪ್ರಬಂಧಗಳು ಸಿಗುತ್ತವೆ, ಮಿಶ್ರ ವಿಧಾನವಲ್ಲ.

ಉತ್ತರ 2: ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಸಮಯದ ಮಾತು ಬಿಟ್ಟುಹೋಗಿದೆ. ಒಂದು ಗಂಟೆಯ ಸಂದರ್ಶನವನ್ನು ಅಕ್ಷರಕ್ಕಿಳಿಸಲು ಹೊಸಬರಿಗೆ ಇಡೀ ದಿನ ಬೇಕಾಗುತ್ತದೆ. ಮೂರು ವರ್ಷದ ಎಂಡಿಎಸ್‌ನಲ್ಲಿ ಇದನ್ನು ಮೊದಲೇ ಲೆಕ್ಕಹಾಕಬೇಕು. ಇಬ್ಬರು ಪರೀಕ್ಷಕರ ಅಂಕಗಳು ಎಷ್ಟು ಹೊಂದುತ್ತವೆಂದು ಅಳೆಯುವ ಕಪ್ಪಾ ಮೌಲ್ಯ ತೆಗೆದು ಅಭ್ಯಾಸವಾದವರು ಸಂದರ್ಶನದ ಕೋಡಿಂಗ್‌ಗೂ (ಮಾತುಗಳಿಗೆ ವಿಷಯವಾರು ಗುರುತು ಹಾಕುವುದು) ಅದನ್ನೇ ಹುಡುಕುತ್ತಾರೆ. ಇಬ್ಬರಿಗೆ ಒಂದೇ ಸಂದರ್ಶನ ಕೊಟ್ಟು, ಬೇರೆಬೇರೆಯಾಗಿ ಕೋಡ್ ಮಾಡಿಸಿ, ಭಿನ್ನಾಭಿಪ್ರಾಯವನ್ನು ಬರೆದಿಡಲು ಹೇಳುವುದರಿಂದ ನನಗೆ ಹೆಚ್ಚು ಫಲ ಸಿಕ್ಕಿದೆ. ನೈತಿಕ ಸಮಿತಿಗೆ ಎರಡೂ ಹಂತಗಳನ್ನು ಒಟ್ಟಿಗೇ ಸಲ್ಲಿಸಿ. ಸಂದರ್ಶನದ ಪ್ರಶ್ನೆಗಳು ಆಗ ಸಿದ್ಧವಿರುವುದಿಲ್ಲವಾದ್ದರಿಂದ ಕರಡು ಕೊಟ್ಟು, ಸಮೀಕ್ಷೆ ಮುಗಿದ ಮೇಲೆ ತಿದ್ದುಪಡಿಗೆ ಅನುಮತಿ ಕೇಳಬಹುದು.