ಅಪ್‌ಡೇಟ್: ಊಟವಾದ ಮೇಲೆ ವಾಂತಿ ಮಾಡುವ ತಂಗಿ

ತಂಗಿ ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬೇಕಂತಲೇ ವಾಂತಿ ಮಾಡುತ್ತಾಳೆ, ತೂಕ ಮಾತ್ರ ಸರಿಯಾಗೇ ಇದೆ ಅಂತ ಬರೆದಿದ್ದೆ.

ಗುರುತು ಹಿಡಿದದ್ದು ಶಿರಸಿಯ ಹಲ್ಲಿನ ಡಾಕ್ಟರು! ಮೇಲಿನ ಮುಂದಿನ ಹಲ್ಲುಗಳ ಒಳಬದಿ ವಾಂತಿಯ ಆಸಿಡ್‌ಗೆ ಸವೆದು ನುಣುಪಾಗಿತ್ತು. ಅವರೇ ಮನೋವೈದ್ಯರ ಹತ್ತಿರ ಕಳಿಸಿದರು. ಬುಲಿಮಿಯಾ ಅಂತೆ, ಅಂದರೆ ಮಿತಿಮೀರಿ ತಿಂದು ಆಮೇಲೆ ಬೇಕಂತಲೇ ವಾಂತಿ ಮಾಡುವಂಥ ಮಾನಸಿಕ ಕಾಯಿಲೆ. ಇದರಲ್ಲಿ ತೂಕ ಇಳಿಯಲೇಬೇಕು ಅಂತೇನಿಲ್ಲ. ರಕ್ತದಲ್ಲಿ ಪೊಟ್ಯಾಶಿಯಂ ಕಡಿಮೆ ಇತ್ತು. ತೀರಾ ಇಳಿದರೆ ಹೃದಯದ ಬಡಿತವೇ ಏರುಪೇರು ಅಂದಾಗ ಅಪ್ಪನ 'ಎಲ್ಲಾ ಸೋಗು' ನಿಂತಿತು.

ಈಗ ಕೌನ್ಸೆಲಿಂಗ್, ಹೊತ್ತು ಹೊತ್ತಿಗೆ ಊಟ. ವಾಂತಿಯಾದ ತಕ್ಷಣ ಹಲ್ಲುಜ್ಜಬಾರದು, ಬಾಯಿ ಮುಕ್ಕಳಿಸಿದರೆ ಸಾಕು. ಮದುವೆ ಮನೆಯಲ್ಲಿ 'ದಪ್ಪ ಆದ್ಯಲ್ಲೇ' ಅನ್ನುವವರನ್ನು ಅಮ್ಮ ನೋಡಿಕೊಳ್ಳುತ್ತಾಳೆ (ಜೋರಾಗೇ!). ವಾಂತಿ ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ನಂಬರ್ ಕೇಳಿದವರಿಗೆ: ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.