ಸಮೀಕರಣ ಸರಿದೂಗಿಸುವಾಗ ಅರ್ಧ ಸಂಖ್ಯೆ ಬಂದರೆ ಏನು ಮಾಡಬೇಕು?

ಪ್ರಶ್ನೆ

ರಸಾಯನಶಾಸ್ತ್ರವನ್ನು ಈಗಷ್ಟೇ ಕಲಿಯಲು ಆರಂಭಿಸಿದ್ದೇನೆ. ಈಥೇನ್ ಅನಿಲವು ಆಕ್ಸಿಜನ್‌ನಲ್ಲಿ ಉರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಉಂಟಾಗುವ ಕ್ರಿಯೆಯನ್ನು ಸರಿದೂಗಿಸಲು ಹೊರಟರೆ, ಆಕ್ಸಿಜನ್‌ನ ಹಿಂದೆ ಮೂರೂವರೆ ಎಂದು ಬರೆಯಬೇಕಾಗುತ್ತದೆ. ಅರ್ಧ ಅಣು ಇರಲಾರದು ಎನಿಸಿ, ನೀರಿನ ಸೂತ್ರದಲ್ಲಿ ಆಕ್ಸಿಜನ್‌ನ ಕೆಳಗೆ 2 ಎಂದು ಬರೆದು ನೋಡಿದರೆ ಲೆಕ್ಕ ಕೂಡಿಬರುತ್ತದೆ. ಹಾಗೆ ಬರೆಯಬಹುದೇ? ಅಲ್ಲದೆ, ಈ ಕ್ರಿಯೆಯನ್ನು ದಹನ ಎನ್ನಬೇಕೋ ಉತ್ಕರ್ಷಣ ಎನ್ನಬೇಕೋ ತಿಳಿಯುತ್ತಿಲ್ಲ.

ಉತ್ತರ 1

ಹಾಗೆ ಬರೆಯುವಂತಿಲ್ಲ. ಸೂತ್ರದ ಕೆಳಗಿನ ಸಣ್ಣ ಅಂಕಿ ಆ ವಸ್ತು ಯಾವುದು ಎಂಬುದನ್ನೇ ನಿರ್ಧರಿಸುತ್ತದೆ. ನೀವು ಅದನ್ನು ತಿದ್ದಿದೊಡನೆ ನೀರು ಹೈಡ್ರೋಜನ್ ಪೆರಾಕ್ಸೈಡ್ ಆಗಿಬಿಟ್ಟಿತು, ಅಂದರೆ ನೀವು ಸರಿದೂಗಿಸಿದ್ದು ನಡೆಯದೇ ಇರುವ ಬೇರೊಂದು ಕ್ರಿಯೆಯನ್ನು. ನಾವು ಬದಲಿಸಬಹುದಾದದ್ದು ಸೂತ್ರದ ಹಿಂದಿನ ಸಹಗುಣಕವನ್ನು ಮಾತ್ರ, ಏಕೆಂದರೆ ಅದು ಎಷ್ಟು ಅಣುಗಳಿವೆ ಎಂದಷ್ಟೇ ಹೇಳುತ್ತದೆ.

ಈಥೇನ್‌ನ ಒಂದು ಅಣುವಿನಲ್ಲಿ 2 ಕಾರ್ಬನ್, 6 ಹೈಡ್ರೋಜನ್ ಪರಮಾಣುಗಳಿರುವುದರಿಂದ 2 ಕಾರ್ಬನ್ ಡೈಆಕ್ಸೈಡ್ ಮತ್ತು 3 ನೀರಿನ ಅಣುಗಳು ಬರುತ್ತವೆ. ಆಕ್ಸಿಜನ್ ಬಿಡಿಯಾಗಿ ಇರುವುದರಿಂದ ಅದನ್ನು ಕೊನೆಗೆ ಎಣಿಸುವುದೇ ಸುಲಭ. ಬಲಗಡೆ ಒಟ್ಟು 7 ಆಕ್ಸಿಜನ್ ಪರಮಾಣುಗಳಿವೆ, ಎಡಗಡೆಯಲ್ಲಾದರೋ ಅವು ಜೋಡಿಯಾಗಿಯೇ ಬರಬೇಕು. ಮೂರೂವರೆ ಬಂದದ್ದು ನಿಮ್ಮ ತಪ್ಪಲ್ಲ. ಎಲ್ಲ ಸಹಗುಣಕಗಳನ್ನೂ ಎರಡರಿಂದ ಗುಣಿಸಿದರೆ ಮುಗಿಯಿತು: 2 ಈಥೇನ್, 7 ಆಕ್ಸಿಜನ್, 4 ಕಾರ್ಬನ್ ಡೈಆಕ್ಸೈಡ್, 6 ನೀರು.

ಉತ್ತರ 2

ಮೇಲಿನ ಉತ್ತರಕ್ಕೆ ಒಂದು ಸಣ್ಣ ಸೇರ್ಪಡೆ. ಸಹಗುಣಕಗಳನ್ನು ಅಣುಗಳೆಂದು ಓದದೆ ಮೋಲ್‌ಗಳೆಂದು (ಮೋಲ್ ಎಂದರೆ ನಿಗದಿತ, ಬಹು ದೊಡ್ಡ ಸಂಖ್ಯೆಯ ಅಣುಗಳ ಗುಂಪು) ಓದಿದರೆ ಮೂರೂವರೆಯಲ್ಲಿ ಅಸಂಗತವೇನೂ ಇಲ್ಲ. ಒಂದು ಮೋಲ್ ಇಂಧನ ಉರಿದಾಗ ಹೊಮ್ಮುವ ಉಷ್ಣವನ್ನು ಹೇಳುವಾಗ ಭಿನ್ನರಾಶಿಯನ್ನು ಹಾಗೆಯೇ ಉಳಿಸಿಕೊಳ್ಳುವ ರೂಢಿಯೂ ಇದೆ. ಉತ್ತರ ಸರಿಯೇ ಎಂದು ಪರೀಕ್ಷಿಸಲು ಎರಡರಿಂದ ಗುಣಿಸಿದ ಸಮೀಕರಣದ ರಾಶಿಯನ್ನು ಕೂಡಿಸಿ ನೋಡಿ: 60 ಗ್ರಾಂ (2 ಮೋಲ್) ಈಥೇನ್ ಮತ್ತು 224 ಗ್ರಾಂ ಆಕ್ಸಿಜನ್ ಸೇರಿ 284 ಗ್ರಾಂ, ಆಚೆ ಬದಿಯಲ್ಲಿ 176 ಗ್ರಾಂ ಕಾರ್ಬನ್ ಡೈಆಕ್ಸೈಡ್ ಮತ್ತು 108 ಗ್ರಾಂ ನೀರು, ಅದೂ 284 ಗ್ರಾಂ.

ಉತ್ತರ 3

ಎರಡನೆಯ ಸಂದೇಹಕ್ಕೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ದಹನ, ಉತ್ಕರ್ಷಣ ಎರಡೂ ಸರಿ. ಆರಂಭದ ಪಾಠಗಳಲ್ಲಿ ಎಲ್ಲ ವಿಧಗಳನ್ನೂ ಒಂದೇ ಸಾಲಿನಲ್ಲಿ ಕೊಡುವುದರಿಂದ ಒಂದು ಕ್ರಿಯೆ ಒಂದೇ ವಿಧಕ್ಕೆ ಸೇರಬೇಕೆಂಬ ಭಾವನೆ ಮೂಡುತ್ತದೆ. ನನ್ನ ಮಟ್ಟಿಗೆ ಈ ಕ್ರಮವೇ ಗೊಂದಲದ ಮೂಲ. ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ ಎಂಬ ಹೆಸರುಗಳು ವಸ್ತುಗಳು ಹೇಗೆ ಸೇರಿದವು, ಹೇಗೆ ಬೇರ್ಪಟ್ಟವು ಎಂಬುದನ್ನು ತಿಳಿಸಿದರೆ, ಉತ್ಕರ್ಷಣ (ಎಲೆಕ್ಟ್ರಾನ್ ಕಳೆದುಕೊಳ್ಳುವುದು) ಮತ್ತು ಅಪಕರ್ಷಣಗಳು (ಎಲೆಕ್ಟ್ರಾನ್ ಪಡೆಯುವುದು) ಎಲೆಕ್ಟ್ರಾನ್‌ಗಳು ಎಲ್ಲಿಂದ ಎಲ್ಲಿಗೆ ಹೋದವು ಎಂಬುದನ್ನು ತಿಳಿಸುತ್ತವೆ.

ಹಾಗಾಗಿ ಸತುವು ತಾಮ್ರದ ಸಲ್ಫೇಟ್ ದ್ರಾವಣದಿಂದ ತಾಮ್ರವನ್ನು ಹೊರಹಾಕುವುದು ಸ್ಥಾನಪಲ್ಲಟವೂ ಹೌದು, ರೆಡಾಕ್ಸ್ ಕ್ರಿಯೆಯೂ (ಉತ್ಕರ್ಷಣ, ಅಪಕರ್ಷಣ ಎರಡೂ ಒಟ್ಟಿಗೆ ನಡೆಯುವ ಕ್ರಿಯೆ) ಹೌದು. ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಉಪ್ಪಿನ ದ್ರಾವಣ ಬೆರೆಸಿದಾಗ ಸಿಲ್ವರ್ ಕ್ಲೋರೈಡ್‌ನ ಬಿಳಿಯ ಪ್ರಕ್ಷೇಪ (ದ್ರಾವಣದಿಂದ ಬೇರ್ಪಡುವ ಘನವಸ್ತು) ಉಂಟಾಗುತ್ತದೆಯಾದರೂ ಅಲ್ಲಿ ಅಯಾನುಗಳು ಜೊತೆ ಬದಲಿಸುತ್ತವೆಯೇ ಹೊರತು ಎಲೆಕ್ಟ್ರಾನ್ ವರ್ಗಾವಣೆ ಇಲ್ಲ. ವಿಭಜನೆಯಲ್ಲಂತೂ ಎರಡೂ ಬಗೆ ಸಿಗುತ್ತವೆ: ಸುಣ್ಣದ ಕಲ್ಲನ್ನು ಕಾಯಿಸಿದಾಗ ಯಾವ ಧಾತುವೂ ಉತ್ಕರ್ಷಿತವಾಗುವುದಿಲ್ಲ, ಪಾದರಸದ ಆಕ್ಸೈಡನ್ನು ಕಾಯಿಸಿದಾಗ ಪಾದರಸ ಅಪಕರ್ಷಿತವಾಗಿ ಆಕ್ಸಿಜನ್ ಹೊರಬರುತ್ತದೆ.